ನೆರಳಿಗೆ ಹೊಣೆಯಾದ ಅಕ್ಕ

ನಾನು ಅವರನ್ನು ಮೊದಲ ಸಲ ಕಂಡಾಗ ಅವರು ರಸ್ತೆಯ ಬದಿಗೆ ಕುರ್ಚಿ ಹಾಕಿಕೊಂಡು ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದರು. ಬೆನ್ನ ಹಿಂದೆ ದೊಡ್ಡದೊಂದು ಗುಲ್‌ಮೊಹರ್ ಮರ. ಎದುರಿಗೆ ಹಗ್ಗ, ಗರಗಸ ಹಿಡಿದು ನಿಂತ ಪಾಲಿಕೆಯ ಆಳುಗಳು. ರಸ್ತೆ ಅಗಲ ಮಾಡಲು ಮರ ಕಡಿಯಬೇಕೆಂದು ಅವರು ಬಂದಿದ್ದರು. ಈಕೆ ಏಳದೆ ಕಡಿಯುವಂತಿರಲಿಲ್ಲ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮದುವೆಯಾಗಿ ವಿಜಾಪುರದಿಂದ ಪುಣೆಯ ನಿಗಡಿಗೆ ಬಂದು ನನಗೆ ವಾರವೂ ಆಗಿರಲಿಲ್ಲ. ಗಂಡನಿಗೆ ಆಕುರ್ಡಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಮರಾಠಿ ಬಾರದ ನಾನು ಕಾಯಿಪಲ್ಲೆ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಸರಕಾರದ ಜನರೆದುರು ಹೆಂಗಸೊಬ್ಬಳು ಹೀಗೆ ಒಂಟಿಯಾಗಿ ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಕೂಗಾಟವಿಲ್ಲ, ಬೈಗುಳವಿಲ್ಲ. ಆಳುಗಳ ಮೇಲಿನ ಮುಕಾದಮ ಏನೋ ಹೇಳುತ್ತಿದ್ದ, ಆಕೆ ಸೊಪ್ಪಿನಿಂದ ಕಣ್ಣೆತ್ತದೆ ಮೆಲ್ಲಗೆ ಉತ್ತರ ಕೊಡುತ್ತಿದ್ದರು. ಕೊನೆಗೆ ಆಳುಗಳು ಹಗ್ಗ ಸುತ್ತಿಕೊಂಡು ಹೋದರು. ಆಕೆ ನಾನುಟ್ಟ ನಮ್ಮ ಕಡೆಯ ಸೀರೆಯ ಸೆರಗು ನೋಡಿ, "ಯಾವ ಊರ್ರಿ ನಿಮ್ದು?" ಎಂದರು. ನನಗೆ ಅಳುವೇ ಬಂತು. ಮನೆಯ ಹೊರಗೆ ಕನ್ನಡ ಕೇಳಿದ್ದು ಅದೇ ಮೊದಲು. ಸೋಸಿದ ಸೊಪ್ಪಿನಲ್ಲಿ ಅರ್ಧ ನನ್ನ ಚೀಲಕ್ಕೆ ಹಾಕಿ, "ನಾ ಒಬ್ಬಾಕಿ ಎಷ್ಟು ತಿನ್ಲಿ" ಎಂದು ಕುರ್ಚಿ ಎತ್ತಿಕೊಂಡು ನಮ್ಮ ಬಿಲ್ಡಿಂಗಿನೊಳಗೇ ಹೋದರು. ಅವರು ನಮ್ಮ ಕೆಳಗಿನ ಮನೆಯವರೆಂದು ಆಗ ಗೊತ್ತಾಯಿತು.

ಅವರ ಹೆಸರು ಇಲ್ಲಿ ಬೇಡ. ಕಾಲೊನಿಯಲ್ಲಿ ಕನ್ನಡದವರು, ಮರಾಠಿಯವರು ಎಲ್ಲರೂ ಅಕ್ಕಾ ಎಂದೇ ಕರೆಯುತ್ತಿದ್ದರು. ಹುಬ್ಬಳ್ಳಿಯ ಕಡೆಯವರು. ತಾಯಿಯನ್ನು ಕಟ್ಟಿಕೊಂಡು ಪುಣೆಗೆ ಬಂದು, ತಾಯಿ ಹೋದ ಮೇಲೆ ಒಬ್ಬರೇ ಉಳಿದವರು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರೂ ಮಾಡಿದ್ದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಸಿಟ್ಟಾದವರ, ಅವಸರದವರ, ಅಳುವವರ ಮಾತನ್ನೆಲ್ಲ ಕಿವಿಗೆ ಹಾಕಿಕೊಂಡು ಒಂದೇ ದನಿಯಲ್ಲಿ ಉತ್ತರಿಸುವ ರೂಢಿ ಅವರಿಗೆ ಅಲ್ಲಿಂದಲೇ ಬಂದಿರಬೇಕು. ಮನೆಗೆ ಹೋದವರನ್ನು ಕೂರಿಸಿ ಚಹಾ ತರಲು ಒಳಗೆ ಹೋಗುವಾಗಲೂ "ಲೈನ್ ಮ್ಯಾಲೇ ಇರ್ರಿ" ಎನ್ನುತ್ತಿದ್ದರು. ನಗುತ್ತಿರಲಿಲ್ಲ, ಅದು ಅವರಿಗೆ ತಮಾಷೆಯೂ ಆಗಿರಲಿಲ್ಲ.

ಗಿಡದ ವಿಷಯದಲ್ಲಿ ಮಾತ್ರ ಅವರದು ಹಟ. ಅವರ ಪರ್ಸಿನಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಒಂದು ಇಕ್ಕಳ ಇದ್ದೇ ಇರುತ್ತಿತ್ತು. ಮರಕ್ಕೆ ಬೋರ್ಡು ಹೊಡೆದಿದ್ದರೆ ನಿಂತಲ್ಲೇ ಮೊಳೆ ಕೀಳುತ್ತಿದ್ದರು. ಒಮ್ಮೆ ಯಾವನೋ ಮುಖಂಡನ ಹುಟ್ಟುಹಬ್ಬದ ಫಲಕವನ್ನು ಅವನ ಹುಡುಗರು ಬೇವಿನ ಮರಕ್ಕೆ ಹೊಡೆದು ಇನ್ನೂ ಏಣಿ ಇಳಿದಿರಲಿಲ್ಲ, ಇವರು ಹೋಗಿ ಕೆಳಗಿನ ಮೊಳೆಗಳನ್ನು ಕಿತ್ತು ಅವರ ಕೈಗೇ ಕೊಟ್ಟರು. "ನಿಮ್ಮ ಸಾಮಾನು ಮರತೀರಿ" ಎಂದು ಮರಾಠಿಯಲ್ಲಿ ಹೇಳಿದರಂತೆ. ಆ ಹುಡುಗರು ಬೆಪ್ಪಾಗಿ ಮೊಳೆ ಇಸಿದುಕೊಂಡರಂತೆ. ಅದನ್ನು ಕಂಡ ನನ್ನ ಗಂಡ ಮನೆಗೆ ಬಂದು ಎಷ್ಟೋ ಹೊತ್ತು ಅದನ್ನೇ ಹೇಳಿದರು, ನಗಬೇಕೋ ಹೆದರಬೇಕೋ ತಿಳಿಯದೆ.

ಸಂಕ್ರಾಂತಿಯ ಹಳದಿ ಕುಂಕುಮ ಪುಣೆಯಲ್ಲಿ ದೊಡ್ಡ ಸಂಭ್ರಮ. ಮುತ್ತೈದೆಯರು ಒಬ್ಬರನ್ನೊಬ್ಬರು ಕರೆದು ಸಣ್ಣ ಬಟ್ಟಲನ್ನೋ ಡಬ್ಬಿಯನ್ನೋ ಕೊಡುವುದು ಪದ್ಧತಿ. ಮದುವೆಯಾಗದ ಅಕ್ಕ ಒಂದು ವರ್ಷ ತಾವೂ ಕರೆದರು. ಬರಬೇಕೋ ಬಾರದೋ ಎಂದು ಹೆಂಗಸರು ಮೆಟ್ಟಿಲ ಮೇಲೆ ಗುಸುಗುಸು ಮಾಡಿದರು, ಕೊನೆಗೆ ಕುತೂಹಲಕ್ಕಾಗಿಯೇ ಎಲ್ಲರೂ ಹೋದರು. ಎಳ್ಳುಬೆಲ್ಲದ ಜತೆಗೆ ಎಲ್ಲರ ಕೈಗೂ ಹಾಲಿನ ಖಾಲಿ ಪಾಕೀಟಿನಲ್ಲಿ ಬೆಳೆಸಿದ ಒಂದೊಂದು ಸಸಿ ಬಂತು. ಹಬ್ಬದ ದಿನ ಕೊಟ್ಟದ್ದನ್ನು ಬಿಸಾಡುವುದು ಹೇಗೆ? ರೇಷ್ಮೆ ಸೀರೆಯಲ್ಲೇ ಹಿಂದಿನ ಬಯಲಿಗೆ ಹೋಗಿ ಎಲ್ಲರೂ ನೆಟ್ಟೆವು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ನಮ್ಮ ಕಡೆಯ ಒಬ್ಬರಿಂದ ಹಳೆಯ ಗೋಣಿಚೀಲ ತರಿಸಿ ಸಸಿಗಳಿಗೆ ಬೇಲಿ ಕಟ್ಟಿದರು. ಆ ಬಯಲು ಇವತ್ತು ತೋಪಿನಂತಿದೆ.

ಆ ಗುಲ್‌ಮೊಹರಿನ ಕೆಳಗೆ ಇಸ್ತ್ರಿ ಗಾಡಿ ಬಂದದ್ದು ಮುಂದೆ ಕೆಲವು ವರ್ಷಗಳಿಗೆ. ಯಾದಗಿರಿಯ ಕಡೆಯ ಗಂಡ ಹೆಂಡತಿ, ಶರಣಪ್ಪ ಮತ್ತು ಭೀಮವ್ವ. ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ಶರಣಪ್ಪನ ಬೆನ್ನಿಗೆ ಪೆಟ್ಟಾಗಿ ಭಾರ ಹೊರಲಾಗದೆ ಇಸ್ತ್ರಿ ಹಿಡಿದಿದ್ದ. ಗಾಡಿ ನಿಲ್ಲಿಸಲು ಎಲ್ಲೂ ಜಾಗ ಸಿಗದೆ ಅಲೆಯುತ್ತಿದ್ದಾಗ ಅಕ್ಕನೇ ಅವರನ್ನು ಕರೆದು, ಗಿಡದ ಕೆಳಗೆ ನೆರಳಿದೆ, ಇಲ್ಲೇ ನಿಲ್ಲಿಸಿ, ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಿ ಎಂದಿದ್ದರು. ಕಾಲೊನಿಯ ಬಟ್ಟೆಯೆಲ್ಲ ಅವರಿಗೇ ಹೋಗತೊಡಗಿತು. ಭೀಮವ್ವ ಮರದ ಬುಡಕ್ಕೆ ದಿನಾ ನೀರು ಚಿಮುಕಿಸಿ ಗುಡಿಸುತ್ತಿದ್ದಳು. ಅಕ್ಕ ಕೆಲಸ ಮುಗಿಸಿ ಬಸ್ಸಿಳಿದು ಬರುವಾಗ ಅಲ್ಲಿ ನಿಂತು ಅವಳೊಡನೆ ಊರಿನ ಮಾತಾಡದೆ ಮನೆಗೆ ಬಂದದ್ದನ್ನು ನಾನು ಕಾಣೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಆ ರಸ್ತೆಗೆ ಗಟಾರದ ಪೈಪು ಹಾಕಲು ಯಾವನೋ ಗುತ್ತಿಗೆದಾರ ಬಂದ. ಮರಕ್ಕೆ ಅಂಟಿಕೊಂಡೇ ಉದ್ದಕ್ಕೆ ಕಾಲುವೆ ತೋಡಿದ. ಅಡ್ಡ ಬಂದ ಬೇರನ್ನೆಲ್ಲ ಕೊಡಲಿಯಿಂದ ಕಡಿದು, ಪೈಪಿಟ್ಟು, ಮಣ್ಣು ಮುಚ್ಚಿ ಹೋದ. ಅಕ್ಕ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಎಲ್ಲ ಮುಗಿದಿತ್ತು. ಬೇಸಿಗೆಯ ಗಾಳಿ ಶುರುವಾದ ಮೇಲೆ ಒಂದು ಸಂಜೆ ಭೀಮವ್ವ ಅವರನ್ನು ತಡೆದು ಹೇಳಿದಳು. ನಾನೂ ಬಟ್ಟೆ ತರಲು ಹೋಗಿದ್ದೆ.

"ಅಕ್ಕಾರ, ಗಾಳಿ ಬಿಟ್ರ ಈ ಕಡಿ ಮಣ್ಣ ಏಳಲಾಕತ್ತದ್ರೀ. ಗಿಡ ಉಸರು ಬಿಟ್ಟಂಗ ಕಾಣ್ತದ."

ಅಕ್ಕ ಬಗ್ಗಿ ನೋಡಿದರು. ಮರುದಿನ ಒಂದು ಗಾಡಿ ಮಣ್ಣು ತರಿಸಿ ಬುಡಕ್ಕೆ ಹಾಕಿಸಿ, ತಾವೇ ಚಪ್ಪಲಿ ಬಿಟ್ಟು ತುಳಿದರು. ನೀರು ಹಾಕಿದರು. ಅಷ್ಟರಲ್ಲಿ ಪಾಲಿಕೆಯ ಆಳುಗಳು ಮತ್ತೆ ಬಂದರು. ಬೇರು ಹೋಗಿದೆ, ಈ ಮರ ನಿಲ್ಲುವುದಿಲ್ಲ, ತೆಗೆಯಬೇಕು ಎಂದು ಮುಕಾದಮ ಹೇಳಿದ. ಮೊದಲು ರಸ್ತೆಗೆಂದು ಕೇಳಿದವರು, ಈಗ ಬೇರಿನ ನೆವ ಹೇಳುತ್ತಿದ್ದಾರೆ ಎಂದು ಅಕ್ಕನಿಗೆ ಅನಿಸಿತು. ಹಾಗನಿಸಲು ಕಾರಣವೂ ಇತ್ತು; ಊರಿನ ಎಷ್ಟೋ ರಸ್ತೆಗಳಲ್ಲಿ ಅದೇ ನೆವದಿಂದ ಗಟ್ಟಿ ಮರಗಳು ಉರುಳಿದ್ದವು. ಕುರ್ಚಿ ಮತ್ತೆ ಹೊರಗೆ ಬಂತು. ಕಾಲೊನಿಯ ನಾವೆಲ್ಲ ಬಾಲ್ಕನಿಯಲ್ಲಿ ನಿಂತು ಹೆಮ್ಮೆಯಿಂದ ನೋಡಿದೆವು. ಆಳುಗಳು ಮತ್ತೆ ಹಗ್ಗ ಸುತ್ತಿಕೊಂಡು ಹೋದರು.

ಕೆಲವೇ ದಿನಗಳಲ್ಲಿ, ಮೇ ತಿಂಗಳ ಒಂದು ಮಧ್ಯಾಹ್ನ ದಾಟಿದ ಹೊತ್ತಿಗೆ, ಧೂಳೆದ್ದು ಊರೇ ಕೆಂಪಾಯಿತು. ನಾನು ಬಾಲ್ಕನಿಯಲ್ಲಿ ಒಣಹಾಕಿದ ಶ್ಯಾವಿಗೆ ಎತ್ತುತ್ತಿದ್ದೆ. ಶರಣಪ್ಪ, ಭೀಮವ್ವ ಇಬ್ಬರೂ ಓಡಿ ನಮ್ಮ ಬಿಲ್ಡಿಂಗಿನ ಪೋರ್ಚಿಗೆ ಬಂದರು. ಬಂದವನು ಮತ್ತೆ ತಿರುಗಿದ. ಕೆಂಡ ತುಂಬಿದ ಇಸ್ತ್ರಿಪೆಟ್ಟಿಗೆ ಬಟ್ಟೆಗಳ ಪಕ್ಕದಲ್ಲೇ ಇತ್ತು. ಗಾಳಿಗೆ ಕಿಡಿ ಹಾರಿದರೆ ಜನರ ಬಟ್ಟೆ ಸುಟ್ಟುಹೋಗುತ್ತವೆ ಎಂದು ಅದನ್ನು ಕೆಳಗಿಡಲು ಹೋದ. ಪೆಟ್ಟಿಗೆ ಎತ್ತಿ ನೆಲಕ್ಕೆ ಇಟ್ಟದ್ದನ್ನು ನಾನು ಕಂಡೆ.

ಮರ ಮುರಿಯಲಿಲ್ಲ. ನಿಂತ ಹಾಗೆಯೇ ಮಲಗಿತು. ಕೆಂಪು ಹೂವು ತುಂಬಿಕೊಂಡಿದ್ದ ಅಷ್ಟು ದೊಡ್ಡ ಮರ ಒಂದು ಕಡೆಗೆ ವಾಲಿ, ನೆಲದಿಂದ ಮಣ್ಣಿನ ಗೋಡೆಯೊಂದು ಎದ್ದು ನಿಂತಿತು. ನನಗೆ ಶಬ್ದ ಕೇಳಿದ ನೆನಪಿಲ್ಲ. ಗಾಡಿ ಕಾಣಲಿಲ್ಲ, ಶರಣಪ್ಪ ಕಾಣಲಿಲ್ಲ, ಬರೀ ಹೂವು ಕಾಣುತ್ತಿತ್ತು. ನನ್ನ ಕೈಯಲ್ಲಿದ್ದ ಶ್ಯಾವಿಗೆಯ ಮೊರ ಯಾವಾಗ ಕೆಳಗೆ ಬಿತ್ತೋ ತಿಳಿಯದು. ಕೆಳಗಿಳಿದು ಓಡಿದೆ. ಗಂಡಸರು ಕೊಂಬೆ ಎಳೆಯುತ್ತಿದ್ದರು. ಭೀಮವ್ವ ಬರಿಗೈಯಿಂದ ಎಲೆ ತರಿಯುತ್ತಿದ್ದಳು, ಒಂದೊಂದೇ ಎಲೆ, ಅದರಿಂದ ದಾರಿ ಆಗುತ್ತದೆ ಎಂಬಂತೆ.

ಅವನನ್ನು ಹೊರಗೆ ತೆಗೆದಾಗ ಜೀವವಿರಲಿಲ್ಲ.

ಅಕ್ಕ ಬಂದದ್ದು ಆಮೇಲೆ, ಎಂದಿನ ಬಸ್ಸಿಗೆ. ಸ್ಟಾಪಿನಲ್ಲಿ ಇಳಿದವರು ಇದ್ದಲ್ಲೇ ನಿಂತರು. ಯಾರೂ ಅವರ ಹತ್ತಿರ ಹೋಗಲಿಲ್ಲ, ನಾನೂ ಹೋಗಲಾರದೆ ಹೋದೆ. ಅವರ ಮುಖ ಹಾಗಿತ್ತು. ಮೆಲ್ಲಗೆ ನಡೆದು ಬಂದು, ಎದ್ದು ನಿಂತ ಬೇರಿನ ಗೋಡೆಯ ಎದುರು ನಿಂತು, ಕಡಿದ ಬೇರಿನ ಮೋಟುಗಳನ್ನು ಕೈಯಿಂದ ಮುಟ್ಟಿ ನೋಡಿದರು. ಮಣ್ಣಿನೊಳಗಿದ್ದ ಕಾಲುವೆಯ ಕಡೆಯ ಬೇರು ಪೂರಾ ಕಪ್ಪಾಗಿ ಕೊಳೆತಿತ್ತು. ಅವರು ಹೊಸ ಮಣ್ಣು ಹಾಕಿ ತುಳಿದದ್ದು ಅದರ ಮೇಲೆಯೇ.

ಮರುದಿನ ಅಧಿಕಾರಿಗಳು ಬಂದರು. ಪೊಲೀಸರೂ ಇದ್ದರು. ಗುತ್ತಿಗೆದಾರನ ಕಡೆಯವನೊಬ್ಬ ಗಾಳಿ ಎಂದ. ಸಾಹೇಬರೂ ಗಾಳಿ ಎಂದರು. ಶರಣಪ್ಪನ ತಮ್ಮಂದಿರು ಹಣೆ ಮುಟ್ಟಿಕೊಂಡರು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಜನರ ನಡುವಿನಿಂದ ಅಕ್ಕ ಮುಂದೆ ಬಂದು, ಟೆಲಿಫೋನಿನಲ್ಲಿ ಮಾತಾಡುವ ಅದೇ ದನಿಯಲ್ಲಿ, ಮರಾಠಿಯಲ್ಲಿ ಹೇಳಿದರು: ಈ ಮರ ತೆಗೆಯಲು ನಿಮ್ಮವರು ಬಂದಿದ್ದರು, ತಡೆದವಳು ನಾನು, ಇವರನ್ನು ಇದರ ಕೆಳಗೆ ನಿಲ್ಲಿಸಿದವಳೂ ನಾನು.

ನನಗೆ ಆಗ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. ಯಾರೂ ಕೇಳಿರಲಿಲ್ಲ. ಯಾರೂ ಅವರತ್ತ ಬೆರಳು ತೋರಿಸಿರಲಿಲ್ಲ. ಸಾಹೇಬರೇ ಗಾಬರಿಯಾಗಿ, ಮರಾಠಿಯವರು ಹೆಂಗಸರನ್ನು ಕರೆಯುವಂತೆ 'ಬಾಯಿ' ಎಂದು ಕರೆದು, ನೀವು ಮನೆಗೆ ಹೋಗಿ ಎಂದರು. ಅಕ್ಕ ಹೋಗಲಿಲ್ಲ. ಬೇರು ಕಡಿದದ್ದನ್ನೂ ತೋರಿಸಿದರು, ಭೀಮವ್ವ ಮೊದಲೇ ಎಚ್ಚರಿಸಿದ್ದಳೆಂಬುದನ್ನೂ ಹೇಳಿದರು. ಭೀಮವ್ವ ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ತಲೆಯೆತ್ತಿ ಒಮ್ಮೆ ನೋಡಿದಳು.

ಆ ವಾರವೇ ಪುಣೆಯ ಮರಪ್ರೇಮಿಗಳ ಗುಂಪಿನವರು ಅಕ್ಕನ ಮನೆಗೆ ಬಂದರು. ಓದಿದವರು, ಒಳ್ಳೆಯವರು, ಎಷ್ಟೋ ಹೋರಾಟದಲ್ಲಿ ಅಕ್ಕನ ಜತೆ ನಿಂತವರು. ನಾನೇ ಚಹಾ ಮಾಡಿದೆ. ನಿಮ್ಮ ಮಾತನ್ನೇ ಹಿಡಿದುಕೊಂಡು ನಾಳೆ ಊರಿನ ಮರಗಳನ್ನೆಲ್ಲ ಕಡಿಯುತ್ತಾರೆ, ಹೇಳಿಕೆ ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅವರು ಬೇಡಿಕೊಂಡರು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, ಆಗದು ಎಂದರು. ಅವರು ಹೋದ ಮೇಲೆ ಕಪ್ಪು ತೊಳೆಯುತ್ತಿದ್ದ ನನ್ನ ಬೆನ್ನಿಗೆ ಹೇಳಿದರು: "ನಾ ಇಲ್ಲ ಅಂದ್ರ, ಭೀಮವ್ವನ ಮುಂದ ಹೆಂಗ ಹಾದು ಹೋಗ್ಲಿ?"

ಗುಂಪಿನವರು ಹೆದರಿದಂತೆಯೇ ಆಯಿತು. ಅಪಾಯದ ಮರಗಳೆಂದು ಆ ರಸ್ತೆಯ ಇಡೀ ಸಾಲಿಗೆ ಬಿಳಿ ಸುಣ್ಣದ ಗುರುತು ಬಿತ್ತು. ಬೇವು, ಹುಣಸೆ, ಏನೂ ಕೆಟ್ಟಿರದ ಗಟ್ಟಿ ಮರಗಳು. ಅಕ್ಕ ಓಡಿ ಹೋದರು. ಇವು ಬೀಳುವುದಿಲ್ಲ, ಬೇರು ನೋಡಿ ಎಂದರು. "ಬಾಯಿ, ತುಮ್ಹೀಚ ಸಾಂಗಿತಲಂತ ನಾ?" ಎಂದ ಸಾಹೇಬ. ನೀವೇ ಹೇಳಿದ್ದಲ್ಲವೆ ಎಂದು. ಅವನ ದನಿಯಲ್ಲಿ ಗೆದ್ದ ಖುಷಿ ಕೂಡ ಇರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವೆನಿಸಿತು. ಎರಡು ದಿನ ಗರಗಸದ ಸದ್ದು. ಬಾಲ್ಕನಿಗೆ ಹೋದರೆ ಎಂದೂ ಕಾಣದಿದ್ದ ಎದುರಿನ ಬಿಲ್ಡಿಂಗು, ಅದರ ಜನ, ಅವರ ಟಿವಿ ಎಲ್ಲ ಕಾಣತೊಡಗಿದವು. ರಸ್ತೆ ಅಗಲವಾಯಿತು. ಮರಪ್ರೇಮಿಗಳು ಫೋನು ಮಾಡುವುದನ್ನು ಬಿಟ್ಟರು. ಅಕ್ಕ ಮಾತ್ರ ಒಂದು ಸಲವೂ ತಾವು ಹೇಳಿದ್ದಕ್ಕೆ ಪಶ್ಚಾತ್ತಾಪ ಪಟ್ಟಂತೆ ಮಾತಾಡಲಿಲ್ಲ. ಊಟ ಕಡಿಮೆಯಾಯಿತು, ಅಷ್ಟೇ.

ಮೈದುನರ ಜತೆ ಊರಿಗೆ ಹೋಗಿದ್ದ ಭೀಮವ್ವ ಮಳೆಗಾಲ ಮುಗಿಯುವ ಹೊತ್ತಿಗೆ ಒಬ್ಬಳೇ ತಿರುಗಿ ಬಂದಳು. ಅಲ್ಲಿ ಅವಳಿಗೆ ಏನೂ ಇರಲಿಲ್ಲ. ಅಕ್ಕ ಅವಳನ್ನು ಕಂಡು, ನಮ್ಮ ಬಿಲ್ಡಿಂಗಿನ ಪೋರ್ಚಿನಲ್ಲಿ ಟೇಬಲ್ ಹಾಕಿಕೋ, ಎಲ್ಲರನ್ನೂ ಒಪ್ಪಿಸಿದ್ದೇನೆ, ಮಳೆಬಿಸಿಲಿನ ಕಾಟವಿಲ್ಲ ಎಂದರು. ಭೀಮವ್ವ ಅವರ ಮುಖವನ್ನೇ ದಿಟ್ಟಿಸಿದಳು.

"ನಿಮ್ಮ ನೆಳ್ಳು ನನಗ ಬ್ಯಾಡ್ರೀ," ಎಂದಳು.

ಎದುರಿನ ಮೂಲೆಯಲ್ಲಿ, ಈಗ ಒಂದೂ ಮರವಿಲ್ಲದ ಬಯಲಲ್ಲಿ, ಬಟ್ಟೆಗೊಂದು ತಗಡು ಅಡ್ಡ ಮಾಡಿ, ತಾನು ಬಿಸಿಲಿಗೇ ನಿಂತು ಇಸ್ತ್ರಿ ಶುರು ಮಾಡಿದಳು. ಅಕ್ಕ ಅಲ್ಲೊಂದು ಹೊಂಗೆ ಹಚ್ಚಲೇ ಎಂದು ಕೇಳಿದ್ದಕ್ಕೂ ಬೇಡವೆಂದಳು. ಅಕ್ಕ ಹಚ್ಚಲಿಲ್ಲ. ಮುಂದೆ ಕಾಲೊನಿಯಲ್ಲಿ ಅವರು ಎಲ್ಲೆಲ್ಲೋ ಸಸಿ ನೆಟ್ಟರು, ಆ ಮೂಲೆಗೆ ಮಾತ್ರ ಗುದ್ದಲಿ ಹಾಕಲಿಲ್ಲ.

ಬಸ್ ಸ್ಟಾಪಿಗೆ ಹಿಂದಿನ ಗಲ್ಲಿಯಿಂದಲೂ ದಾರಿಯಿತ್ತು. ಅಕ್ಕ ದಿನಾ ಭೀಮವ್ವನ ಮೂಲೆಯನ್ನು ಹಾದೇ ಹೋಗುತ್ತಿದ್ದರು. ಅವಳು ಕೆಲವು ದಿನ ಬೆನ್ನು ತಿರುಗಿಸುತ್ತಿದ್ದಳು. ಕೆಲವು ದಿನ ಬೈಯುತ್ತಿದ್ದಳು, ಅದೂ ಎಲ್ಲರೆದುರು, ಕೇಳುವವರ ಕಿವಿ ಬಿಸಿಯಾಗುವ ಹಾಗೆ. ಅಕ್ಕ ನಿಂತು ಅವಳ ಮಾತು ಮುಗಿಯುವವರೆಗೆ ಕೇಳಿ ಆಮೇಲೆ ಬಸ್ಸಿಗೆ ಹೋಗುತ್ತಿದ್ದರು. ನನಗೆ ತಡೆಯಲಿಲ್ಲ. ಆ ಗಲ್ಲಿಯಿಂದ ಯಾಕೆ ಹೋಗಬಾರದು ಎಂದು ಕೇಳಿದೆ. "ಬೈಬೇಕಂತ ಆಕಿಗೆ ಅನಿಸಿದ ದಿನ ನಾ ಸಿಗಬೇಕಲ್ಲ," ಎಂದರು. ಊಟಕ್ಕೆ ಏನು ಮಾಡಿದ್ದೀರಿ ಎಂದು ಕೇಳಿದರೆ ಹೇಳುವಷ್ಟೇ ಸಹಜವಾಗಿ.

ಮುಂದಿನ ಬೇಸಿಗೆಗೆ ಮೊದಲು ಒಂದು ಬೆಳಿಗ್ಗೆ ಗರಗಸದ ಸದ್ದಿಗೆ ನಾನು ಬಾಲ್ಕನಿಗೆ ಬಂದೆ. ಕಾಂಪೌಂಡಿನೊಳಗೆ ಅಕ್ಕನ ಕಿಟಕಿಯೆದುರಿಗೇ ಇದ್ದ ಇನ್ನೊಂದು ಗುಲ್‌ಮೊಹರ್, ಅವರೂ ಅವರ ತಾಯಿಯೂ ಸೇರಿ ನೆಟ್ಟದ್ದು, ಅರ್ಧ ಬೋಳಾಗಿತ್ತು. ಅಕ್ಕ ಎಲ್ಲಿ, ಯಾಕೆ ತಡೆಯುತ್ತಿಲ್ಲ ಎಂದು ಚಪ್ಪಲಿ ಹಾಕದೆ ಕೆಳಗೆ ಓಡಿದೆ. ಅಕ್ಕ ಅಲ್ಲೇ ನಿಂತಿದ್ದರು. ಜನ ಹಾಯದಂತೆ ಹಗ್ಗ ಹಿಡಿದಿದ್ದರು. ಕಡಿಸುತ್ತಿದ್ದವರು ಅವರೇ. ಕಾಂಡದೊಳಗೆ ಹುಳು ಹಿಡಿದು ಪೊಳ್ಳಾಗಿದೆ, ನಾನೇ ಹೋಗಿ ಹೇಳಿ ಬಂದೆ ಎಂದರು. ಕೆಳಗೆ ಬಿದ್ದ ತುಂಡನ್ನು ತೋರಿಸಿದರು. ನಡುವೆ ಕೈ ಹಾಕಿದರೆ ಮೊಣಕೈವರೆಗೂ ಹೋಗುವಂತಿತ್ತು. ನಾನು ಅದನ್ನು ನೋಡಲಿಲ್ಲ, ಅವರನ್ನೇ ನೋಡುತ್ತಿದ್ದೆ. ಅವರು ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು.

ಆಮೇಲೆ ಅವರ ರೀತಿಯೇ ಬೇರೆಯಾಯಿತು. ಎಕ್ಸ್‌ಚೇಂಜುಗಳೆಲ್ಲ ಯಂತ್ರಗಳ ಪಾಲಾಗಿ ಅವರು ಬೇಗ ನಿವೃತ್ತಿ ತೆಗೆದುಕೊಂಡರು. ಬಸ್ಸು ಹಿಡಿಯುವ ಕೆಲಸವಿಲ್ಲದಿದ್ದರೂ ದಿನಾ ಭೀಮವ್ವನ ಮೂಲೆಗೆ ಹೋಗಿ ಬರುವುದನ್ನು ಬಿಡಲಿಲ್ಲ. ಎಲ್ಲಿ ರಸ್ತೆ ಅಗೆದರೂ ಹೋಗಿ ನಿಲ್ಲುವರು, ಬೇರು ಉಳಿಸಿ ಕಾಲುವೆಯನ್ನು ಬಳಸಿ ತೋಡಿಸುವರು. ಮಳೆಗೆ ಮುಂಚೆ ಕಾಲೊನಿಯ ಮರಗಳ ಕಾಂಡ ಬಡಿದು, ಒಣಕೊಂಬೆ ಇಳಿಸಿರೆಂದು ಪಾಲಿಕೆಗೆ ಫೋನು ಮಾಡುವರು. ಹೊಸದಾಗಿ ನೆಡುವುದೆಲ್ಲ ಬೇವು, ಹೊಂಗೆ, ನೇರಳೆ ಹೂವಿನ ತಾಮಣ. ಬೇರು ಆಳಕ್ಕಿಳಿಯದ ಗುಲ್‌ಮೊಹರ್ ಒಂದೂ ಇಲ್ಲ. ಹಳೆಯ ಗೆಳೆಯರು ಅವರನ್ನು ಮರ ಕಡಿಸುವ ಬಾಯಿ ಎಂದು ಆಡಿಕೊಂಡರು. ಆ ಮಾತು ಕಿವಿಗೆ ಬಿದ್ದ ದಿನವೂ ಅವರು ಬಯಲಿಗೆ ಹೋಗಿ ಸಸಿಗಳಿಗೆ ನೀರು ಹಾಕಿಯೇ ಬಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾವು ಪುಣೆಯ ಅಂಚಿನ ವಾಕಡದಲ್ಲಿ ಫ್ಲ್ಯಾಟು ಕೊಂಡು ಹೋದೆವು. ಹೊಲ ಹೋಗಿ ಬಿಲ್ಡಿಂಗು ಏಳುತ್ತಿದ್ದ ಕಾಲ. ಗೃಹಪ್ರವೇಶಕ್ಕೆ ಬಂದ ಅಕ್ಕ, ಗೇಟಿನ ಬಳಿ ಬಿಲ್ಡರ್ ಸಾಲಾಗಿ ನೆಡಿಸಿದ್ದ ಪಾಮ್ ಗಿಡಗಳನ್ನು ನೋಡಿ, "ಇವು ಗಿಡ ಅಲ್ರಿ, ಕಂಬ. ದೀಪಾ ಒಂದು ಕಡಿಮಿ ಅದ" ಎಂದರು. ನಾನು ಅವರ ತಮಾಷೆ ಕೇಳಿ ವರ್ಷಗಳಾಗಿದ್ದವು.

ಅದೇ ಕೊನೆ. ನಾಲ್ಕಾರು ತಿಂಗಳಲ್ಲಿ ಅವರ ಪಕ್ಕದ ಮನೆಯವರು ಫೋನು ಮಾಡಿ, ಬೆಳಿಗ್ಗೆ ಬಯಲಿನಲ್ಲಿ ಸಸಿಗಳ ನಡುವೆ ಕುಸಿದರು, ಆಸ್ಪತ್ರೆ ತಲುಪಲಿಲ್ಲ ಎಂದರು. ನಾನು ರಿಸೀವರ್ ಹಿಡಿದುಕೊಂಡೇ ನಿಂತಿದ್ದೆ. ಆ ಕಡೆಯವರು ಇಟ್ಟು ಎಷ್ಟು ಹೊತ್ತಾಗಿತ್ತೋ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಭೀಮವ್ವನ ಮೂಲೆಗೆ ಹೋದೆ. ಕೂದಲು ನರೆತಿತ್ತು. ಬಿಸಿಲಿನಲ್ಲಿ ನಿಂತು ಯಾರದೋ ಅಂಗಿ ಉಜ್ಜುತ್ತಿದ್ದಳು. ಅಕ್ಕ ಹೋದದ್ದು ಅವಳಿಗೆ ಗೊತ್ತಿತ್ತು. ಇಷ್ಟು ವರ್ಷ ಬೈದವಳು ಈಗ ಹಗುರಾಗಿರಬಹುದು ಎಂಬ ಕಹಿಯೊಂದು ನನ್ನೊಳಗಿತ್ತು. ಇನ್ನಾದರೂ ಸಿಟ್ಟು ಇಳಿಯಿತೇ ಎಂದು ಕೇಳಿದೆ.

ಅವಳು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟಳು.

"ಸಾಹೇಬ ಗಾಳಿ ಅಂದ. ಗಟಾರದವ ಗಾಳಿ ಅಂದ. ನಮ್ಮ ಮೈದನಗೋಳು ಹಣೇಬರಾ ಅಂದ್ರು. ಗಾಳಿ ಮ್ಯಾಲ ಹೆಂಗ ಸಿಟ್ಟಾಗ್ಬೇಕ್ರೀ ಯವ್ವಾ? ಆಕಿ ಒಬ್ಬಾಕಿ ಬಂದು, ನಾನು ಅಂದಳು. ನನ್ನ ಗಂಡನ ಸಾವಿಗೆ ನೋಡಿ ಬೈಲಾಕ ಒಂದು ಮಾರಿ ಕೊಟ್ಟಳು. ದಿನಾ ಬಂದು ನಿಂತಳು. ಒಂದಿನ ತಪ್ಪಸಲಿಲ್ಲ." ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಂಡಳು. "ಸಿಟ್ಟು ಇನ್ನಾ ಅದಾ. ಇನ್ನ ಮ್ಯಾಲ ಇದನ್ನ ಯಾರ ಮುಂದ ಇಡ್ಲಿ, ಹೇಳ್ರಿ?"

ಅವಳು ಪೆಟ್ಟಿಗೆಯನ್ನು ಮತ್ತೆ ಎತ್ತಿಕೊಂಡು ರಸ್ತೆಯತ್ತ ತಿರುಗಿದಳು. ಅಕ್ಕ ಇಳಿಯುತ್ತಿದ್ದ ಸ್ಟಾಪಿನಲ್ಲಿ ಬಸ್ಸು ಬಂದು ನಿಂತಿತ್ತು, ಜನ ಇಳಿಯುತ್ತಿದ್ದರು.